ಬಾಲಕೃಷ್ಣ ದೋಶಿ ಮತ್ತು ‘ವಾಸ್ತುಶಿಲ್ಪ’

ವಾಸ್ತುಶಿಲ್ಪಿ ಬಾಲಕೃಷ್ಣ ವಿಠಲದಾಸ ದೋಶಿ ಹುಟ್ಟಿದ್ದು 1927ರ ಆಗಸ್ಟ್ 26ರಂದು, ಪುಣೆಯಲ್ಲಿ. ಗುಜರಾತಿ ವೈಷ್ಣವ ಮನೆತನ. ಎರಡು ತಲೆಮಾರಿನಿಂದ ಮೇಜು, ಕುರ್ಚಿ, ಬೀರುಗಳನ್ನು ಮಾಡಿ ಮಾರುವ ಕಸುಬು. ಕೈಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡ ಹುಡುಗ ಬೆಳೆದದ್ದು ಅಜ್ಜನ ತುಂಬು ಮನೆಯಲ್ಲಿ. ಮದುವೆಯಾಗಿ ಸೊಸೆಯಂದಿರು ಬಂದಂತೆ, ಮಕ್ಕಳು ಹೆಚ್ಚಿದಂತೆ ಆ ಮನೆಗೆ ಕೋಣೆಗಳು ಸೇರುತ್ತಿದ್ದವು, ಮಹಡಿ ಏರುತ್ತಿತ್ತು. ಅಜ್ಜನ ಕಾರ್ಖಾನೆಯಲ್ಲಿ ಮರದ ಎಳೆ, ಕೀಲು, ಅಳತೆ ಕಣ್ಣಿಗೆ ಬಿದ್ದವು. ಮುಂದೆ ದೋಶಿ ತಮ್ಮ ಬರಹ, ಭಾಷಣಗಳಲ್ಲಿ ಈ ಮನೆಯನ್ನು ಮತ್ತೆ ಮತ್ತೆ ನೆನೆದಿದ್ದಾರೆ. ಮನೆಯೆಂಬುದು ಒಂದೇ ಸಲಕ್ಕೆ ಮುಗಿಯುವ ವಸ್ತುವಲ್ಲ, ಸಂಸಾರದ ಜೊತೆ ಬೆಳೆಯುವಂಥದ್ದು ಎಂಬ ತಿಳಿವಳಿಕೆ ಅವರಿಗೆ ಪುಸ್ತಕದಿಂದ ಬಂದುದಲ್ಲ.

ಬಾಲ್ಯದಲ್ಲಿ ಬೆಂಕಿ ತಗುಲಿ ಕಾಲು ಸುಟ್ಟುಕೊಂಡದ್ದರಿಂದ ನಡಿಗೆಯಲ್ಲಿ ಸಣ್ಣ ಕುಂಟು ಉಳಿಯಿತು. ಚಿತ್ರ ಬರೆಯುವ ಕೈ ಚೆನ್ನಾಗಿತ್ತು. 1947ರಲ್ಲಿ, ದೇಶ ಸ್ವತಂತ್ರವಾದ ವರ್ಷವೇ, ಮುಂಬಯಿಯ ಜೆ.ಜೆ. ಶಾಲೆಯಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಯಾದರು. ಅಲ್ಲಿಯ ಓದನ್ನು ಪೂರ್ತಿ ಮುಗಿಸದೆ ಹಡಗು ಹತ್ತಿ ಲಂಡನ್ನಿಗೆ ಹೋದರು. ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಯಲ್ ಸಂಸ್ಥೆಯ ಪರೀಕ್ಷೆ ಕಟ್ಟಿ ಅದರ ಸದಸ್ಯನಾಗಬೇಕೆಂಬುದು ಆಗಿನ ಆಸೆ. 1951ರಲ್ಲಿ ಲಂಡನ್ನಿನ ಹೊರವಲಯದ ಹಾಡ್ಸ್‌ಡನ್‌ನಲ್ಲಿ ಆಧುನಿಕ ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತ್ತು. ದೋಶಿ ಅಲ್ಲಿಗೆ ಬರಿಯ ವೀಕ್ಷಕರಾಗಿ ಹೋದರು. ಪಂಜಾಬಿನ ಹೊಸ ರಾಜಧಾನಿ ಚಂಡೀಗಢವನ್ನು ಪ್ಯಾರಿಸ್ಸಿನ ವಾಸ್ತುಶಿಲ್ಪಿ ಲ ಕಾರ್ಬುಸಿಯೆ ಕಟ್ಟಲಿದ್ದಾರೆಂಬ ಸುದ್ದಿ ಕಿವಿಗೆ ಬಿತ್ತು. ಕೈಬರಹದಲ್ಲೊಂದು ಅರ್ಜಿ ಹೋಯಿತು. ಪ್ಯಾರಿಸ್ಸಿನ ಬಾಗಿಲು ತೆರೆಯಿತು.

ಬಾಗಿಲು ತೆರೆಯಿತೇ ಹೊರತು ಸಂಬಳ ಸಿಗಲಿಲ್ಲ. ಮೊದಲ ಎಂಟು ತಿಂಗಳು ದೋಶಿ ಪುಕ್ಕಟೆ ದುಡಿದರು. ಫ್ರೆಂಚ್ ಬರುತ್ತಿರಲಿಲ್ಲ, ಕಾರ್ಬುಸಿಯೆಯ ಇಂಗ್ಲಿಷ್ ಅರೆಬರೆ. ಮಾತಿಗಿಂತ ಗೆರೆಯೇ ಹೆಚ್ಚು ಕೆಲಸ ಮಾಡಿತು. ಚಂಡೀಗಢದ ಕಟ್ಟಡಗಳ ಜೊತೆಗೆ ಅಹಮದಾಬಾದಿನ ನಕ್ಷೆಗಳೂ ಅವರ ಮೇಜಿಗೆ ಬಂದವು: ಗಿರಣಿ ಮಾಲೀಕರ ಸಂಘದ ಕಟ್ಟಡ, ಶೋಧನ್ ಮತ್ತು ಸಾರಾಭಾಯಿ ಕುಟುಂಬಗಳ ಮನೆಗಳು. ಈ ಕೆಲಸಗಳನ್ನು ಸ್ಥಳದಲ್ಲೇ ನಿಂತು ನೋಡಿಕೊಳ್ಳಲು ನಂಬಿಕೆಯ ಆಳು ಬೇಕಾಗಿತ್ತು. 1954ರಲ್ಲಿ ದೋಶಿ ಊರಿಗೆ ಮರಳಿದರು. ಸೇರಿದ ಊರು ಹುಟ್ಟೂರು ಪುಣೆಯಲ್ಲ, ಅಹಮದಾಬಾದ್. ಆಮೇಲಿನ ಬದುಕೆಲ್ಲ ಅಲ್ಲಿಯೇ.

ಆ ಊರು ಅವರಿಗೆ ಒದಗಿದ್ದು ದೊಡ್ಡ ಅನುಕೂಲ. ಬಟ್ಟೆ ಗಿರಣಿಗಳ ಹಣ, ಆ ಹಣವನ್ನು ಸಂಸ್ಥೆಗಳಿಗೆ ಸುರಿಯುವ ಮನಸ್ಸು ಎರಡೂ ಅಲ್ಲಿ ಒಟ್ಟಿಗಿದ್ದವು. ಕಸ್ತೂರಭಾಯಿ ಲಾಲಭಾಯಿ, ವಿಕ್ರಮ್ ಸಾರಾಭಾಯಿಯಂಥವರು ಜವಳಿ ಸಂಶೋಧನಾ ಸಂಸ್ಥೆ ಅಟೀರಾ, ಭೌತವಿಜ್ಞಾನ ಪ್ರಯೋಗಾಲಯ, ಮುಂದೆ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅದೇ ವರ್ಷ ಭಾರತೀಯ ನಿರ್ವಹಣಾ ಸಂಸ್ಥೆ, ಹೀಗೆ ಒಂದರ ಹಿಂದೊಂದು ಎಬ್ಬಿಸುತ್ತಿದ್ದರು. ಪ್ಯಾರಿಸ್ಸಿನಲ್ಲಿ ಪಳಗಿ ಬಂದ ಯುವಕನಿಗೆ ಇದಕ್ಕಿಂತ ಒಳ್ಳೆಯ ನೆಲ ಸಿಗುವಂತಿರಲಿಲ್ಲ. ಇಷ್ಟನ್ನು ಹೇಳದೆ ದೋಶಿಯವರ ಪ್ರತಿಭೆಯನ್ನಷ್ಟೇ ಹೊಗಳಿದರೆ ಕಥೆ ಅರ್ಧ ಆದಂತೆ.

1956ರಲ್ಲಿ ಇಬ್ಬರು ವಾಸ್ತುಶಿಲ್ಪಿಗಳನ್ನು ಜೊತೆಗಿಟ್ಟುಕೊಂಡು ದೋಶಿ ಸ್ವಂತ ಕಚೇರಿ ತೆರೆದರು. ಹೆಸರು ‘ವಾಸ್ತುಶಿಲ್ಪ’. ಕಾರ್ಬುಸಿಯೆಯ ಕೆಲಸಗಳ ಉಸ್ತುವಾರಿ ಒಂದು ಕಡೆ, ಸ್ವಂತ ಕೆಲಸ ಇನ್ನೊಂದು ಕಡೆ. ಮೊದಲ ವರ್ಷಗಳಲ್ಲಿ ಕೈಗೆ ಬಂದ ಮುಖ್ಯ ಕೆಲಸ ಅಟೀರಾ ಮತ್ತು ಭೌತವಿಜ್ಞಾನ ಪ್ರಯೋಗಾಲಯದ ಕೆಳದರ್ಜೆಯ ನೌಕರರ ವಸತಿ. ಕಡಿಮೆ ದುಡ್ಡು, ಚಿಕ್ಕ ಮನೆ, ಕಮಾನಿನ ಸೂರು. ಗುರುವಿನ ನೆರಳು ಅಲ್ಲಿ ಢಾಳಾಗಿ ಕಾಣುತ್ತದೆ. ಆದರೆ ಕಚೇರಿಯ ಮೊದಲ ಲೆಕ್ಕಪುಸ್ತಕದಲ್ಲೇ ಬಡವರ ಮನೆ ಸೇರಿತ್ತೆಂಬುದನ್ನು ಗಮನಿಸಬೇಕು. ಮುಂದಿನ ನಾಲ್ಕು ದಶಕ ಆ ವಿಷಯ ಸಂಸ್ಥೆಯನ್ನು ಬಿಡಲಿಲ್ಲ.

ಹೆಂಡತಿಯ ಹೆಸರಿಟ್ಟು 1960ರ ದಶಕದ ಆರಂಭದಲ್ಲಿ ಕಟ್ಟಿಕೊಂಡ ‘ಕಮಲಾ’ ಮನೆ ಇಟ್ಟಿಗೆಯದು, ಆಡಂಬರವಿಲ್ಲದ್ದು. ಅದೇ ಕಾಲದ ಎಲ್.ಡಿ. ಭಾರತೀಯ ವಿದ್ಯಾ ಸಂಸ್ಥೆ ಇನ್ನೂ ಕುತೂಹಲದ ಕಟ್ಟಡ. ಮುನಿ ಪುಣ್ಯವಿಜಯಜಿ ಕೂಡಿಟ್ಟ ಜೈನ ಹಸ್ತಪ್ರತಿಗಳನ್ನು ಕಾಪಾಡಬೇಕಿತ್ತು. ತಾಳೆಗರಿಗೂ ಹಳೆಯ ಕಾಗದಕ್ಕೂ ಬಿಸಿಲು ಬೇಡ, ಧೂಳು ಬೇಡ, ತೇವ ಬೇಡ. ಯಂತ್ರದಿಂದ ಗಾಳಿ ತಂಪು ಮಾಡುವ ಬದಲು ದೋಶಿ ಸಂಗ್ರಹದ ಕೋಣೆಯನ್ನು ಅರ್ಧ ನೆಲದೊಳಗಿಳಿಸಿ, ಮೇಲಂತಸ್ತಿಗೆ ಆಳವಾದ ಜಗಲಿ ಚಾಚಿ ನೆರಳು ಕೊಟ್ಟರು. ಹೊರನೋಟಕ್ಕೆ ಕಾಂಕ್ರೀಟು, ಒಳಗಿನ ಯುಕ್ತಿ ಗುಜರಾತಿನ ಹಳೆಯ ಜೈನ ಉಪಾಶ್ರಯಗಳದು. ಪ್ಯಾರಿಸ್ಸಿನ ಪಾಠವನ್ನು ಊರಿನ ಬಿಸಿಲಿಗೆ ತಕ್ಕಂತೆ ತಿದ್ದಿಕೊಳ್ಳುವ ಕೆಲಸ ಇಲ್ಲಿಂದ ಶುರುವಾಯಿತೆನ್ನಬಹುದು. ನದಿಯಂಚಿನ ಟಾಗೋರ್ ಸ್ಮಾರಕ ಭವನಕ್ಕೆ ಇಂಜಿನಿಯರ್ ಮಹೇಂದ್ರ ರಾಜ್ ಜೊತೆಯಾದರು. ಕಾಗದ ಮಡಿಸಿದಂತೆ ಮಡಿಸಿದ ಕಾಂಕ್ರೀಟು ಗೋಡೆಗಳೇ ಅದರ ಬಲ.

1962 ದೋಶಿಯವರ ಬದುಕಿನಲ್ಲಿ ಎರಡು ಕಾರಣಕ್ಕೆ ಮುಖ್ಯವಾದ ವರ್ಷ. ನಿರ್ವಹಣಾ ಸಂಸ್ಥೆಯ ಆವರಣ ಕಟ್ಟುವ ಅವಕಾಶ ಬಂದಾಗ ಅದನ್ನು ತಾವೇ ಇಟ್ಟುಕೊಳ್ಳದೆ, ಫಿಲಡೆಲ್ಫಿಯಾದ ವಾಸ್ತುಶಿಲ್ಪಿ ಲೂಯಿ ಕಾನ್ ಅವರನ್ನು ಕರೆಸಬೇಕೆಂದು ಸಾರಾಭಾಯಿ, ಲಾಲಭಾಯಿಯವರಿಗೆ ಹೇಳಿದರು. ಪ್ರಾಯದಲ್ಲಿರುವ ವಾಸ್ತುಶಿಲ್ಪಿಯೊಬ್ಬ ಅಷ್ಟು ದೊಡ್ಡ ಕೆಲಸವನ್ನು ಇನ್ನೊಬ್ಬರ ಕೈಗಿಟ್ಟು ತಾನು ಸಹಾಯಕನಾಗಿ ನಿಂತದ್ದು ಸುಲಭದ ಮಾತಲ್ಲ. ಇಟ್ಟಿಗೆಯ ಬೃಹತ್ ಕಮಾನುಗಳು, ಅವುಗಳನ್ನು ಹಿಡಿದು ನಿಲ್ಲಿಸುವ ಕಾಂಕ್ರೀಟಿನ ಪಟ್ಟಿಗಳು ಮೇಲೇಳುತ್ತಿದ್ದ ಒಂದು ದಶಕಕ್ಕೂ ಹೆಚ್ಚು ಕಾಲ ದೋಶಿ ಕಾನ್‌ರ ಜೊತೆಗಾರರಾಗಿದ್ದರು. 1974ರ ಮಾರ್ಚಿನಲ್ಲಿ ಅಹಮದಾಬಾದಿನಿಂದ ಹಿಂದಿರುಗುತ್ತಿದ್ದ ಕಾನ್ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಉಳಿದ ಕೆಲಸವನ್ನು ವಾಸ್ತುಶಿಲ್ಪಿ ಅನಂತ ರಾಜೆ ಮುಂದುವರಿಸಿದರು. ಕಾರ್ಬುಸಿಯೆಯಿಂದ ದೋಶಿ ಕಲಿತದ್ದು ಆಕಾರದ ಧೈರ್ಯವಾದರೆ, ಕಾನ್‌ರಿಂದ ಕಲಿತದ್ದು ಒಂದು ಸಂಸ್ಥೆ ಯಾಕಿದೆ ಎಂದು ಮೊದಲು ಕೇಳಿ ಆಮೇಲೆ ಗೆರೆ ಎಳೆಯುವ ಸಾವಧಾನ.

ಅದೇ 1962ರಲ್ಲಿ ಅಹಮದಾಬಾದ್ ಎಜುಕೇಶನ್ ಸೊಸೈಟಿಯ ಆಶ್ರಯದಲ್ಲಿ ವಾಸ್ತುಶಿಲ್ಪ ಶಾಲೆ ಆರಂಭವಾಯಿತು. ದೋಶಿ ಅದರ ಸ್ಥಾಪಕ ನಿರ್ದೇಶಕರು. ಡಿಪ್ಲೊಮಾ ಮುಗಿಸದೆ ಹೊರಟಿದ್ದವರು ದೇಶದ ಒಂದು ಶ್ರೇಷ್ಠ ಶಾಲೆಯನ್ನು ಕಟ್ಟಿದ್ದು ತಮಾಷೆಯಂತೆ ಕಂಡರೂ, ಆ ಶಾಲೆಯ ಸ್ವಭಾವಕ್ಕೆ ಅದೇ ಕಾರಣವಿರಬೇಕು. 1960ರ ದಶಕದ ಕೊನೆಗೆ ಮುಗಿದ ಶಾಲೆಯ ಕಟ್ಟಡದಲ್ಲಿ ಸಾಲು ಸಾಲು ಇಟ್ಟಿಗೆ ಗೋಡೆಗಳು, ಉತ್ತರದಿಂದ ಒಳಬರುವ ತಂಪು ಬೆಳಕು, ಕೆಳಗೆ ಖಾಲಿ ಬಿಟ್ಟ ನೆಲ. ತರಗತಿಗಳ ನಡುವೆ ಬಿಗಿಯಾದ ಬಾಗಿಲುಗಳಿಲ್ಲ. ಒಬ್ಬರ ಪಾಠ ಇನ್ನೊಬ್ಬರ ಕಿವಿಗೆ ಬೀಳಲಿ ಎಂಬುದೇ ಉದ್ದೇಶ. 1972ರಲ್ಲಿ ಯೋಜನಾ ಶಾಲೆ ಸೇರಿ ಇಡೀ ಸಂಸ್ಥೆ ಪರಿಸರ ಯೋಜನೆ ಮತ್ತು ತಂತ್ರಜ್ಞಾನ ಕೇಂದ್ರವಾಯಿತು. ಸೆಪ್ಟ್ ಎಂದೇ ಪ್ರಸಿದ್ಧವಾಗಿರುವ ಅದು ಈಗ ವಿಶ್ವವಿದ್ಯಾಲಯ. ದೃಶ್ಯಕಲಾ ಕೇಂದ್ರ, ಕನೋರಿಯಾ ಕಲಾ ಕೇಂದ್ರಗಳೂ ಅದೇ ಆವರಣದಲ್ಲಿ ಎದ್ದವು. ಬೆಂಗಳೂರೂ ಸೇರಿ ದೇಶದ ಹಲವು ಊರುಗಳಲ್ಲಿ ಈಗ ಕೆಲಸ ಮಾಡುತ್ತಿರುವ ವಾಸ್ತುಶಿಲ್ಪಿಗಳಲ್ಲಿ ಇಲ್ಲಿ ಓದಿದವರು ಬಹಳ ಮಂದಿ.

ಶಾಲೆ ಮತ್ತು ಕಚೇರಿಯ ನಡುವೆ ಗೋಡೆ ತೆಳ್ಳಗಿತ್ತು. ಓದು ಮುಗಿಸಿದವರು ‘ವಾಸ್ತುಶಿಲ್ಪ’ಕ್ಕೆ ಬಂದರು, ಕಚೇರಿಯ ಸಮಸ್ಯೆಗಳು ಶಾಲೆಯಲ್ಲಿ ಚರ್ಚೆಗೆ ಹೋದವು. ಕಾರ್ಖಾನೆಗಳ ವಸತಿ ಬಡಾವಣೆಗಳು ಈ ಕಾಲದಲ್ಲಿ ಕಚೇರಿಗೆ ಅನ್ನ ಕೊಟ್ಟವು. ಬರೋಡದ ಗುಜರಾತ್ ರಾಜ್ಯ ಗೊಬ್ಬರ ಕಾರ್ಖಾನೆ, ಕಲೋಲ್‌ನ ಇಫ್ಕೊ, ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್, ಇವೆಲ್ಲ ಅರವತ್ತು ಎಪ್ಪತ್ತರ ದಶಕಗಳ ಕೆಲಸ.

ಇವುಗಳ ಸಾಲಿನಲ್ಲಿ ಬೇರೆಯೇ ಆಗಿ ನಿಲ್ಲುವುದು 1973ರಲ್ಲಿ ಅಹಮದಾಬಾದಿನಲ್ಲಿ ಜೀವ ವಿಮಾ ನಿಗಮಕ್ಕಾಗಿ ಕೈಗೆತ್ತಿಕೊಂಡ ಬಿಮಾ ನಗರ. ಸಾಮಾನ್ಯವಾಗಿ ವರಮಾನಕ್ಕೆ ತಕ್ಕಂತೆ ಒಂದೊಂದು ವರ್ಗಕ್ಕೆ ಒಂದೊಂದು ಬ್ಲಾಕ್ ಕಟ್ಟಿ ಜನರನ್ನು ಬೇರ್ಪಡಿಸುವುದು ರೂಢಿ. ದೋಶಿ ಮೂರು ವರ್ಗಗಳನ್ನು ಒಂದೇ ಮೆಟ್ಟಿಲಿನ ಸುತ್ತ ಪೇರಿಸಿದರು. ನೆಲಮಹಡಿಯ ಮನೆ ದೊಡ್ಡದು, ಅದರ ಮೇಲಿನದು ಅದಕ್ಕಿಂತ ಚಿಕ್ಕದು, ತುದಿಯದು ಎಲ್ಲಕ್ಕಿಂತ ಚಿಕ್ಕದು. ಕೆಳಗಿನ ಮನೆಯ ತಾರಸಿಯೇ ಮೇಲಿನ ಮನೆಗೆ ಅಂಗಳ. ಕೆಳಗಿನವರು ತೋಟದ ಕಡೆಗೆ, ಮೇಲಿನವರು ತಾರಸಿಯ ಕಡೆಗೆ ಕೈಲಾದಾಗ ಕೋಣೆ ಸೇರಿಸಿಕೊಳ್ಳಬಹುದು. ಸೇರಿಸಿಕೊಂಡರು ಕೂಡ. ಕೆಲವೇ ದಶಕಗಳಲ್ಲಿ ಮೂಲ ನಕ್ಷೆಯ ಗುರುತು ಸಿಗದಷ್ಟು ಬಾಲ್ಕನಿ, ಜಾಲರಿ, ಬಣ್ಣ, ಹೆಚ್ಚುವರಿ ಕೋಣೆಗಳು ಬಂದವು. ತಮ್ಮ ಕಟ್ಟಡದ ಮೇಲೆ ಯಾರೂ ಮೊಳೆ ಹೊಡೆಯಬಾರದೆನ್ನುವ ವಾಸ್ತುಶಿಲ್ಪಿಗಳೇ ಹೆಚ್ಚಾಗಿರುವಾಗ, ಈ ಬದಲಾವಣೆಗಳನ್ನು ದೋಶಿ ಯೋಜನೆಯ ಗೆಲುವೆಂದೇ ತೋರಿಸುತ್ತಿದ್ದರು. ಪುಣೆಯ ಅಜ್ಜನ ಮನೆಗೂ ಇದಕ್ಕೂ ನಂಟು ಕಾಣುವುದು ಕಷ್ಟವಲ್ಲ.

ಎಲ್ಲವೂ ಗೆದ್ದವೆಂದಲ್ಲ. ಅಹಮದಾಬಾದಿನ ಭದ್ರಾ ಕೋಟೆಯ ಎದುರು ಎಪ್ಪತ್ತರ ದಶಕದಲ್ಲಿ ಎದ್ದ ಪ್ರೇಮಾಭಾಯಿ ಸಭಾಂಗಣ ಕಾಂಕ್ರೀಟಿನ ಭಾರಿ ಕಟ್ಟಡ. ಹಳೆಯ ಊರಿನ ಸಂದಣಿಯ ನಡುವೆ ಅದರ ಗಾತ್ರ ಮುಖಕ್ಕೆ ಹೊಡೆಯುವಂತಿದೆ. ಎಷ್ಟೋ ವರ್ಷ ಅದಕ್ಕೆ ಬೀಗ ಬಿದ್ದಿತ್ತು. ಜನ ತಮ್ಮದಾಗಿ ಮಾಡಿಕೊಳ್ಳುವ ಕಟ್ಟಡಗಳ ಬಗ್ಗೆ ಅಷ್ಟು ಯೋಚಿಸಿದವರ ಕೈಯಿಂದ ಅಂಥದ್ದೊಂದು ಬಂದದ್ದು ಸೋಜಿಗ.

1977ರ ಹೊತ್ತಿಗೆ ದೋಶಿ ದೆಹಲಿಯ ಜೋಸೆಫ್ ಅಲೆನ್ ಸ್ಟೈನ್ ಮತ್ತು ಜೈ ರತ್ತನ್ ಭಲ್ಲಾ ಅವರೊಂದಿಗೆ ಪಾಲುದಾರಿಕೆಗೆ ಕೂಡಿಕೊಂಡರು. ಸ್ಟೈನ್ ಅಮೆರಿಕದಿಂದ ಬಂದು ದೆಹಲಿಯಲ್ಲಿ ನೆಲೆಸಿದವರು. ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರ್ ಅವರ ಕೃತಿ. ಸ್ಟೈನ್, ದೋಶಿ ಅಂಡ್ ಭಲ್ಲಾ ಎಂಬ ಈ ಹೆಸರಿನಡಿಯೇ ಕರ್ನಾಟಕದ ಪಾಲಿಗೆ ದೋಶಿಯವರ ಅತಿ ದೊಡ್ಡ ಕೊಡುಗೆಯಾದ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಆವರಣ ರೂಪುಗೊಂಡಿತು.

ಬೆಂಗಳೂರಿನ ಸಂಸ್ಥೆ 1973ರಲ್ಲಿ ಬಾಡಿಗೆ ಜಾಗದಲ್ಲಿ ಶುರುವಾಗಿತ್ತು, ಎನ್.ಎಸ್. ರಾಮಸ್ವಾಮಿ ಮೊದಲ ನಿರ್ದೇಶಕರು. ಬನ್ನೇರುಘಟ್ಟ ರಸ್ತೆಯಲ್ಲಿ 100 ಎಕರೆ ಜಮೀನು ದೊರಕಿತು. ಆಗ ಅದು ಊರ ಹೊರಗು; ಈಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಅದನ್ನು ನಂಬಿಸುವುದು ಕಷ್ಟ. ದೋಶಿಯವರ ಮುಂದಿದ್ದ ಪ್ರಶ್ನೆ ಸರಳವೇನಲ್ಲ: ಅಹಮದಾಬಾದಿನಲ್ಲಿ ಕಾನ್ ಕಟ್ಟಿದ ಆವರಣ ಕಣ್ಣೆದುರೇ ಇತ್ತು, ಹೋಲಿಕೆ ತಪ್ಪುವಂತಿರಲಿಲ್ಲ. ಆದರೆ ಬೆಂಗಳೂರಿನ ಹವೆ ಬೇರೆ. ಅಹಮದಾಬಾದಿನ ಬೇಸಿಗೆಯಲ್ಲಿ ಮನುಷ್ಯ ಬಿಸಿಲಿನಿಂದ ಓಡಿ ಒಳಗೆ ಸೇರಬೇಕು, ಅದಕ್ಕೆ ದಪ್ಪ ಗೋಡೆ, ಆಳದ ನೆರಳು ಬೇಕು. ಇಲ್ಲಿ ವರ್ಷದ ಬಹುಪಾಲು ಹೊರಗೇ ಕೂತು ಮಾತಾಡಬಹುದು. ಹಾಗಾಗಿ ಒಂದೇ ಗಟ್ಟಿ ಮುದ್ದೆಯಂಥ ಕಟ್ಟಡದ ಬದಲು ಹಜಾರಗಳನ್ನೇ ಹೆಣೆದು, ಅವುಗಳ ಎರಡೂ ಪಕ್ಕಕ್ಕೆ ತರಗತಿ, ಗ್ರಂಥಾಲಯ, ಕಚೇರಿಗಳನ್ನು ತಗುಲಿಹಾಕಿದರು.

ವಸ್ತುವೂ ಇಲ್ಲಿಯದೇ. ಬೆಂಗಳೂರಿನ ಸುತ್ತಮುತ್ತ ಮನೆಯ ತಳಪಾಯಕ್ಕೂ ಕಾಂಪೌಂಡಿಗೂ ಬಳಸುವ ಬೂದುಬಣ್ಣದ ಸೈಜುಗಲ್ಲು, ಗಿಲಾವಿಲ್ಲದೆ, ಒರಟು ಮುಖ ಹೊರಗೆ ಕಾಣುವಂತೆ ಗೋಡೆಯಾಗಿದೆ. ಜೊತೆಗೆ ಕಾಂಕ್ರೀಟಿನ ಕಂಬ, ತೊಲೆಗಳು. ಯಂತ್ರದಲ್ಲಿ ಕೊಯ್ದ ನುಣುಪಿಲ್ಲ. ಕಲ್ಲುಕುಟಿಗರ ಉಳಿಯ ಗುರುತು ಒಂದೊಂದು ಕಲ್ಲಿನಲ್ಲೂ ಉಳಿದಿದೆ, ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಹಿಡಿಯುತ್ತದೆ. ಹಜಾರಗಳು ಕೆಲವು ಕಡೆ ಮೂರು ಅಂತಸ್ತಿನಷ್ಟು ಎತ್ತರ. ಒಂದು ಕಡೆ ಪೂರ್ತಿ ಸೂರು, ಮುಂದೆ ಹೋದರೆ ಬೆಳಕಿಂಡಿ, ಇನ್ನೂ ಮುಂದೆ ಬರಿಯ ಕಾಂಕ್ರೀಟಿನ ಅಡ್ಡತೊಲೆಗಳ ಚಪ್ಪರ. ಅದಕ್ಕೆ ಬಳ್ಳಿ ಹಬ್ಬಿದೆ. ಹೊತ್ತು ಏರಿದಂತೆ ಆ ತೊಲೆಗಳ ನೆರಳು ನೆಲದ ಮೇಲೆ ಪಟ್ಟೆ ಪಟ್ಟೆಯಾಗಿ ಸರಿಯುತ್ತದೆ. ಅಗಲವೂ ಒಂದೇ ಸಮ ಇಲ್ಲ: ನಡೆಯುತ್ತ ಹೋದಂತೆ ಹಜಾರ ಇದ್ದಕ್ಕಿದ್ದಂತೆ ಹಿಗ್ಗಿ ಅಂಗಳದ ಕಡೆಗೆ ತೆರೆದುಕೊಳ್ಳುತ್ತದೆ. ಪಾಠ ಮುಗಿದ ಮೇಲೂ ವಾದ ಮುಗಿಯದ ವಿದ್ಯಾರ್ಥಿಗಳು ಕೂರುವುದು ಅಂಥ ಕಡೆಯೇ. ಕಲಿಕೆ ಕೋಣೆಯಲ್ಲಿ ಎಷ್ಟು ನಡೆಯುತ್ತದೋ ಅಷ್ಟೇ ದಾರಿಯಲ್ಲೂ ನಡೆಯುತ್ತದೆ ಎಂಬುದನ್ನು ದೋಶಿ ಅಹಮದಾಬಾದಿನ ತಮ್ಮ ಶಾಲೆಯಲ್ಲಿ ಕಂಡುಕೊಂಡಿದ್ದರು. ಬೆಂಗಳೂರಿನಲ್ಲಿ ಅದಕ್ಕೆ ಜಾಗವೂ ಹವೆಯೂ ಕೂಡಿಬಂದವು.

ಈ ವಿನ್ಯಾಸಕ್ಕೆ ಫತೇಪುರ್ ಸಿಕ್ರಿ ಮಾದರಿಯೆಂದು ದೋಶಿ ಹೇಳುತ್ತಿದ್ದರು. ಅಕ್ಬರನ ಆ ನಗರದಲ್ಲಿ ಕಟ್ಟಡಗಳಿಗಿಂತ ಅವುಗಳ ನಡುವಿನ ಅಂಗಳಗಳೇ ಮನಸ್ಸಿನಲ್ಲಿ ಉಳಿಯುತ್ತವೆ. ದಕ್ಷಿಣದ ದೇವಾಲಯಗಳ ಪ್ರಾಕಾರವನ್ನೂ ಇಲ್ಲಿ ನೆನೆಯಬಹುದು. ಮೊದಲ ಸಲ ಬಂದವರಿಗೆ ದಿಕ್ಕು ತಪ್ಪುವುದು ಸಹಜ, ಗಾಳಿಮಳೆ ಜೋರಾದರೆ ಹಜಾರದ ಅಂಚು ತೋಯುವುದೂ ಸಹಜ. ಆ ಅನಾನುಕೂಲವನ್ನು ತೂಗಿ ನೋಡಿದರೂ, ಸ್ವಾತಂತ್ರ್ಯಾನಂತರ ಬೆಂಗಳೂರಿನಲ್ಲಿ ಎದ್ದ ಸಾರ್ವಜನಿಕ ಕಟ್ಟಡಗಳಲ್ಲಿ ಈ ಊರಿನ ಹವೆಯನ್ನು ಇಷ್ಟು ಬಲ್ಲದ್ದು ಬೇರೊಂದಿಲ್ಲವೆಂದರೆ ಹೆಚ್ಚಾಗದು. ಎಂಬತ್ತರ ದಶಕದಲ್ಲಿ ಸಂಸ್ಥೆ ಇಲ್ಲಿಗೆ ಬಂದು ನೆಲೆಯೂರಿತು, ಕೆಲಸ ಹಂತಹಂತವಾಗಿ ತೊಂಬತ್ತರ ದಶಕದವರೆಗೂ ನಡೆಯಿತು. ದೋಶಿಯ ಹೆಸರು ಕೇಳದ ಲಕ್ಷಾಂತರ ಜನರಿಗೂ ಈ ಹಜಾರಗಳ ಪರಿಚಯವಿದೆ: 2009ರ ‘ತ್ರೀ ಈಡಿಯಟ್ಸ್’ ಚಿತ್ರದ ಕಾಲೇಜು ಇದೇ ಆವರಣ.

ಬೆಂಗಳೂರಿನ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲೇ ದೋಶಿ ‘ವಾಸ್ತುಶಿಲ್ಪ’ಕ್ಕೆ ಇನ್ನೆರಡು ಆಧಾರಗಳನ್ನು ಕೊಟ್ಟರು. ಒಂದು 1978ರಲ್ಲಿ ಸ್ಥಾಪಿಸಿದ ವಾಸ್ತು ಶಿಲ್ಪ ಪ್ರತಿಷ್ಠಾನ. ಕಟ್ಟಿಸುವವರು ಹಣ ಕೊಟ್ಟು ಕೇಳುವ ಪ್ರಶ್ನೆಗಳಿಗೆ ಕಚೇರಿ ಉತ್ತರಿಸುತ್ತದೆ. ಯಾರೂ ಕೇಳದ ಪ್ರಶ್ನೆಗಳನ್ನು, ಅಂದರೆ ಕೊಳೆಗೇರಿಯವರು ಮನೆಯನ್ನು ಹೇಗೆ ಕಟ್ಟಿಕೊಳ್ಳುತ್ತಾರೆ, ಹಳೆಯ ಊರುಗಳ ಓಣಿ ಯಾಕೆ ತಂಪಾಗಿರುತ್ತದೆ ಎಂಬಂಥವನ್ನು, ಕೈಗೆತ್ತಿಕೊಳ್ಳಲು ಪ್ರತಿಷ್ಠಾನ. ಇನ್ನೊಂದು ಅಹಮದಾಬಾದಿನಲ್ಲಿ ಕಚೇರಿಯ ಹೊಸ ಮನೆ, ‘ಸಂಗಾತ್’.

1980ರ ಹೊತ್ತಿಗೆ ಸಿದ್ಧವಾದ ಸಂಗಾತ್, ದೋಶಿ ತಮಗಾಗಿ ತಾವೇ ಕಟ್ಟಿಸಿಕೊಂಡದ್ದಾದ್ದರಿಂದ ಬೇರೆಯವರ ಮಾತು ಕೇಳಬೇಕಾದ ಪ್ರಮೇಯ ಬರಲಿಲ್ಲ. ರಸ್ತೆಯಿಂದ ನೋಡಿದರೆ ಕಟ್ಟಡವೇ ಕಾಣುವುದಿಲ್ಲ. ಮರಗಳ ನಡುವೆ ಅಡ್ಡ ಮಲಗಿಸಿದ ಬಿಳಿ ಕೊಳವೆಗಳಂಥ ಉದ್ದನೆಯ ಕಮಾನು ಸೂರುಗಳು. ಅರ್ಧ ಕಚೇರಿ ನೆಲದೊಳಗಿದೆ. ಸೂರಿನ ರಚನೆ ವಿಶೇಷದ್ದು. ಕುಂಬಾರರು ಮಾಡಿದ ಪೊಳ್ಳು ಮಣ್ಣಿನ ಕೊಳವೆಗಳನ್ನು ಸಾಲಾಗಿ ಹೊಂದಿಸಿ ಕಾಂಕ್ರೀಟಿನ ನಡುವೆ ಸೇರಿಸಲಾಗಿದೆ; ಆ ಪೊಳ್ಳಿನೊಳಗಿನ ಗಾಳಿ ಬಿಸಿಯನ್ನು ತಡೆಯುತ್ತದೆ. ಮೇಲ್ಮೈಗೆ ಒಡೆದ ಪಿಂಗಾಣಿಯ ಚೂರುಗಳ ಹೊದಿಕೆ, ಬಿಸಿಲು ಬಿದ್ದಷ್ಟೂ ಹಿಂದಕ್ಕೆ ಎರಚುತ್ತದೆ. ಮಳೆ ನೀರು ಕಮಾನಿನ ಮೇಲಿಂದ ಜಾರಿ ಕಾಲುವೆಗೆ, ಅಲ್ಲಿಂದ ಸಣ್ಣ ಕೊಳಕ್ಕೆ ಇಳಿಯುತ್ತದೆ. ಮುಂದೆ ಹುಲ್ಲಿನ ಮೆಟ್ಟಿಲುಗಳ ಬಯಲು ರಂಗ. ಮುಖ್ಯದ್ವಾರವನ್ನು ನೇರಕ್ಕೆ ಇಡದೆ, ಬಂದವರು ಒಂದು ಸುತ್ತು ಹಾಕಿಯೇ ಒಳಗೆ ಹೋಗುವಂತೆ ಮಾಡಿದ್ದಾರೆ. ಇಷ್ಟಕ್ಕೂ ಇದು ದುಬಾರಿ ಸಾಮಾನಿನ ಕಟ್ಟಡವಲ್ಲ. ಕಾರ್ಖಾನೆಯಲ್ಲಿ ಒಡೆದು ಎಸೆದ ಪಿಂಗಾಣಿ ಇಲ್ಲಿ ಅಲಂಕಾರವೂ ಆಯಿತು, ಕೊಡೆಯೂ ಆಯಿತು. ಅಹಮದಾಬಾದಿನ ಗಾಂಧಿ ಶ್ರಮ ಸಂಸ್ಥೆಯಲ್ಲಿಯೂ ಇದೇ ಕಮಾನುಗಳ ಮಾತು ಮುಂದುವರಿದಿದೆ.

ಪ್ರತಿಷ್ಠಾನದ ಓದು, ಕಚೇರಿಯ ಕೈ, ಶಾಲೆಯ ಹುರುಪು ಮೂರೂ ಒಂದು ಕಡೆ ಸೇರಿದ್ದು ಇಂದೋರಿನ ಅರಣ್ಯ ಬಡಾವಣೆಯಲ್ಲಿ. ದೋಶಿಯವರ ಎಲ್ಲ ಕೆಲಸಗಳಲ್ಲಿ ತೂಕದ್ದು ಯಾವುದೆಂದು ಆರಿಸಬೇಕಾದರೆ ಇದನ್ನೇ ಆರಿಸಬೇಕು. ಇಂದೋರ್ ಅಭಿವೃದ್ಧಿ ಪ್ರಾಧಿಕಾರ ಸುಮಾರು 85 ಹೆಕ್ಟೇರ್ ಜಮೀನಿನಲ್ಲಿ, ಬಹುಪಾಲು ತೀರ ಬಡವರಿಗಾಗಿ, 6,500ರಷ್ಟು ಮನೆಗಳ ಬಡಾವಣೆ ಬೇಕೆಂದಿತು. ಗೆರೆ ಎಳೆಯುವ ಮೊದಲು ಪ್ರತಿಷ್ಠಾನದವರು ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದ ತಂಡದೊಂದಿಗೆ ಇಂದೋರಿನ ಕೊಳೆಗೇರಿಗಳಿಗೆ ಹೋಗಿ ಅಳೆದು, ಬರೆದು ತಂದರು. ಜಗಲಿಯ ಮೇಲೆ ಅಂಗಡಿ ಇಡುವುದು, ಮರದ ಕೆಳಗೆ ಗಾಡಿ ರಿಪೇರಿ, ಬಾಗಿಲ ಮುಂದಿನ ಎರಡಡಿ ಜಾಗದಲ್ಲಿ ಪಾತ್ರೆ ತೊಳೆಯುವುದು, ಮಕ್ಕಳ ಆಟ, ಮುದುಕರ ಹರಟೆ, ಇವುಗಳನ್ನೆಲ್ಲ ಚಿತ್ರಿಸಿಕೊಂಡರು. ಸರಕಾರಿ ವಸತಿ ಯೋಜನೆಗಳು ಕಸವೆಂದು ಗುಡಿಸಿ ಹಾಕುತ್ತಿದ್ದ ಸಂಗತಿಗಳು ಇಲ್ಲಿ ವಿನ್ಯಾಸದ ಮೂಲಸಾಮಗ್ರಿಯಾದವು.

ಬಡ ಕುಟುಂಬಕ್ಕೆ ಪೂರ್ತಿ ಮನೆ ಕಟ್ಟಿ ಕೊಡಲು ಹಣ ಸಾಲದು; ಬರಿಯ ಸೈಟು ಕೊಟ್ಟರೆ ಅವರಿಗೆ ಕಟ್ಟಲಾಗದು. ಅರಣ್ಯದಲ್ಲಿ ನಡುದಾರಿ ಹಿಡಿದರು. ಚಿಕ್ಕ ಸೈಟು 35 ಚದರ ಮೀಟರಿನದು. ಅದರಲ್ಲಿ ತಳಪಾಯ, ಕಕ್ಕಸು, ನೀರಿನ ಸಂಪರ್ಕ ಸಿದ್ಧ. ಕೆಲವರಿಗೆ ಒಂದು ಕೋಣೆ. ಉಳಿದದ್ದನ್ನು ಕೈಯಲ್ಲಿ ಕಾಸು ಆಡಿದಾಗ ತಾವೇ ಕಟ್ಟಿಕೊಳ್ಳಬೇಕು. ಹೇಗೆ ಕಟ್ಟಬಹುದೆಂದು ತೋರಿಸಲು ಮಾದರಿ ಮನೆಗಳನ್ನು ಬರೆದು, ಅವುಗಳಲ್ಲಿ ಕೆಲವನ್ನು ಕಟ್ಟಿ ತೋರಿಸಲಾಯಿತು. ಮೆಟ್ಟಿಲು, ಜಗಲಿ, ಮುಂಬಾಲ್ಕನಿಗಳನ್ನು ಅವರವರ ಇಷ್ಟಕ್ಕೆ ತಕ್ಕಂತೆ ಕೂಡಿಸಿಕೊಳ್ಳಬಹುದಿತ್ತು. ನಡುವೆ ಅಂಗಡಿಬೀದಿ, ಅದರ ಸುತ್ತ ಆರು ವಿಭಾಗಗಳು. ಶೌಚದ ಗುಂಡಿ, ಮ್ಯಾನ್‌ಹೋಲುಗಳನ್ನು ಹಲವು ಮನೆಗಳು ಹಂಚಿಕೊಳ್ಳುವಂತೆ ಗುಂಪು ಕಟ್ಟಿ ಖರ್ಚು ಇಳಿಸಿದರು. ಹೊರರಸ್ತೆಗೆ ತಾಗಿದ ದೊಡ್ಡ ಸೈಟುಗಳನ್ನು ಉಳ್ಳವರಿಗೆ ಮಾರಿ, ಬಂದ ಲಾಭವನ್ನು ಬಡವರ ಸೈಟಿನ ಬೆಲೆ ತಗ್ಗಿಸಲು ಬಳಸುವ ಲೆಕ್ಕಾಚಾರವೂ ಯೋಜನೆಯೊಳಗೇ ಇತ್ತು.

ಅರಣ್ಯದ ಕೆಲಸಕ್ಕೆ 1995ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಇಂದು ಅಲ್ಲಿ 80,000ಕ್ಕೂ ಹೆಚ್ಚು ಜನರ ವಾಸ. ಮೊದಲ ಫಲಾನುಭವಿಗಳಲ್ಲಿ ಅನೇಕರು ಬೆಲೆ ಏರಿದಾಗ ಮನೆ ಮಾರಿ ಹೋದರೆಂಬ ಟೀಕೆಯಿದೆ, ಅದು ಸುಳ್ಳಲ್ಲ. ಸೈಟಿನ ಬೆಲೆ ಏರುವುದನ್ನು ತಡೆಯುವ ಶಕ್ತಿ ನಕ್ಷೆಗಿಲ್ಲ. ಆದರೆ ಬೀದಿಗಳು ಸತ್ತಿಲ್ಲ, ಜಗಲಿಗಳ ಮೇಲೆ ಅಂಗಡಿಗಳಿವೆ, ಮನೆಗಳು ಎರಡು ಮೂರು ಅಂತಸ್ತು ಏರಿವೆ. ವಾಸ್ತುಶಿಲ್ಪಿಯ ಮಾದರಿ ಮನೆಗಳನ್ನು ಜನ ಯಥಾವತ್ತು ನಕಲು ಮಾಡಲಿಲ್ಲ; ಅವು ಕೊಟ್ಟ ಸಲಿಗೆಯನ್ನು ಮಾತ್ರ ಪಡೆದುಕೊಂಡರು.

ಜೈಪುರದ ವಿದ್ಯಾಧರ ನಗರದ ಯೋಜನೆ, ದೆಹಲಿಯ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಮುಂಬಯಿಯ ಭಾರತ್ ಡೈಮಂಡ್ ಬೋರ್ಸ್ ಎಂಬತ್ತರ ದಶಕದಿಂದ ಮುಂದಿನ ದೊಡ್ಡ ಕೆಲಸಗಳು. ಆದರೆ ಜನರ ಕಣ್ಣು ಹೆಚ್ಚು ಸೆಳೆದದ್ದು ಒಂದು ಪುಟ್ಟ ಕಟ್ಟಡ. ಚಿತ್ರಕಾರ ಎಂ.ಎಫ್. ಹುಸೇನ್ ತಮ್ಮ ಚಿತ್ರಗಳಿಗೊಂದು ಮನೆ ಬೇಕೆಂದು ದೋಶಿಯವರನ್ನು ಕೇಳಿದರು. ಸೆಪ್ಟ್ ಆವರಣದ ಬಳಿ 1990ರ ದಶಕದ ಮೊದಲರ್ಧದಲ್ಲಿ ‘ಹುಸೇನ್-ದೋಶಿ ಗುಫಾ’ ಎದ್ದಿತು. ಈಗಿನ ಹೆಸರು ‘ಅಮ್ದಾವಾದ್ ನಿ ಗುಫಾ’. ಆಮೆಯ ಬೆನ್ನಿನಂಥ ಗುಮ್ಮಟಗಳು ಒಂದಕ್ಕೊಂದು ಅಂಟಿಕೊಂಡಿವೆ, ಒಳಗೆ ನೆಟ್ಟಗೆ ನಿಂತ ಒಂದು ಗೋಡೆಯೂ ಸಿಗದು. ಆಕಾರ ಲೆಕ್ಕ ಹಾಕಿದ್ದು ಕಂಪ್ಯೂಟರ್, ಕಟ್ಟಿದ್ದು ಕೈ ಹತಾರಗಳಿಂದ ಕೆಲಸ ಮಾಡುವ ಆದಿವಾಸಿ ಕೂಲಿಕಾರರು. ಕಬ್ಬಿಣದ ಜಾಲರಿಗೆ ಸಿಮೆಂಟು ಗಾರೆ ಮೆತ್ತಿ ಮಾಡಿದ ಚಿಪ್ಪಿನ ದಪ್ಪ ಸುಮಾರು ಒಂದು ಅಂಗುಲ. ಹುಸೇನ್ ಒಳಗೋಡೆಗಳ ಮೇಲೇ ಚಿತ್ರ ಬರೆದರು, ಸೂರಿನ ಮೇಲೆ ಕರಿ ನಾಗರ ಹರಿದಾಡಿತು. ಕೆಲವರಿಗೆ ಇದು ದೋಶಿಯ ಉಳಿದ ಕೆಲಸಕ್ಕೆ ಹೊಂದದ ಹುಡುಗಾಟವೆನಿಸಿದೆ. ಎಪ್ಪತ್ತರ ಸಮೀಪ ಬಂದ ಮನುಷ್ಯ ಅಷ್ಟು ಹುಡುಗಾಟ ಆಡಿದ್ದು ಒಳ್ಳೆಯದೇ ಆಯಿತು.

ಸಂಸ್ಥೆಯ ಹೆಸರು ಕಾಲಕ್ರಮದಲ್ಲಿ ‘ವಾಸ್ತುಶಿಲ್ಪ ಕನ್ಸಲ್ಟಂಟ್ಸ್’ ಎಂದಾಯಿತು. 2018ರ ಹೊತ್ತಿಗೆ ಅದರಲ್ಲಿ ಐವರು ಪಾಲುದಾರರು, 60 ನೌಕರರು. ಮುಗಿಸಿದ ಕೆಲಸಗಳು 100ಕ್ಕೂ ಹೆಚ್ಚು. ಅರವತ್ತು ವರ್ಷದ ಕಚೇರಿಗೆ ಈ ಸಂಖ್ಯೆ ದೊಡ್ಡದಲ್ಲ. ಅಷ್ಟು ಹೆಸರಿದ್ದೂ ಕಚೇರಿಯನ್ನು ನಗರ ನಗರಕ್ಕೆ ಹಬ್ಬಿಸದೆ ಸಂಗಾತ್‌ನಲ್ಲೇ ಉಳಿಸಿಕೊಂಡದ್ದು, ಹೊಸ ಕೆಲಸ ಹಿಡಿಯುವಷ್ಟೇ ಹೊತ್ತನ್ನು ವಿದ್ಯಾರ್ಥಿಗಳ ಜೊತೆ ಕಳೆದದ್ದು ದೋಶಿಯವರ ಆಯ್ಕೆ. ಮಣಿರತ್ನಂ ಅವರ 2015ರ ‘ಓ ಕಾದಲ್ ಕಣ್ಮಣಿ’ ಚಿತ್ರದಲ್ಲಿ ಅವರು ತಮ್ಮದೇ ಪಾತ್ರದಲ್ಲಿ ಕಾಣಿಸಿಕೊಂಡದ್ದನ್ನು ನೆನೆಯುವವರೂ ಇದ್ದಾರೆ.

ಗೌರವಗಳು ತಡವಾಗಿ, ಆದರೆ ಒಟ್ಟೊಟ್ಟಾಗಿ ಬಂದವು. 1976ರಲ್ಲಿ ಪದ್ಮಶ್ರೀ ಬಂದಿತ್ತು. 2018ರಲ್ಲಿ, ತೊಂಬತ್ತು ದಾಟಿದ ಮೇಲೆ, ವಾಸ್ತುಶಿಲ್ಪದ ಪ್ರಿಟ್ಸ್‌ಕರ್ ಪ್ರಶಸ್ತಿ. ಅದನ್ನು ಪಡೆದ ಮೊದಲ ಭಾರತೀಯ ಅವರೇ. ಹಿಂದೊಮ್ಮೆ ಅದೇ ಪ್ರಶಸ್ತಿಯ ತೀರ್ಪುಗಾರರ ಸಮಿತಿಯಲ್ಲಿ ಕೂತಿದ್ದವರು ಅವರು. 2019ರಲ್ಲಿ ಜರ್ಮನಿಯ ವಿಟ್ರಾ ವಿನ್ಯಾಸ ಸಂಗ್ರಹಾಲಯ ಅವರ ಜೀವಮಾನದ ಕೆಲಸದ ಪ್ರದರ್ಶನ ಏರ್ಪಡಿಸಿತು. 2020ರಲ್ಲಿ ಪದ್ಮಭೂಷಣ, 2022ರಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಯಲ್ ಸಂಸ್ಥೆಯ ಚಿನ್ನದ ಪದಕ. ಎಪ್ಪತ್ತು ವರ್ಷ ಹಿಂದೆ ಯಾವ ಸಂಸ್ಥೆಯ ಸದಸ್ಯನಾಗಬೇಕೆಂದು ಹಡಗು ಹತ್ತಿದ್ದರೋ ಅದೇ ಸಂಸ್ಥೆ. 2023ರ ಜನವರಿ 24ರಂದು ಅಹಮದಾಬಾದಿನಲ್ಲಿ, 95ನೆಯ ವಯಸ್ಸಿನಲ್ಲಿ, ದೋಶಿ ತೀರಿಕೊಂಡರು. ಪದ್ಮವಿಭೂಷಣ ಮರಣೋತ್ತರವಾಗಿ ಬಂತು.

ಕಚೇರಿ, ಪ್ರತಿಷ್ಠಾನ ಎರಡೂ ನಡೆಯುತ್ತಿವೆ. ಭಾರತದ ಹೊರಗೆ ದೋಶಿ ವಿನ್ಯಾಸ ಮಾಡಿದ ಏಕೈಕ ಕಟ್ಟಡ ಅವರ ಕೊನೆಯ ಕೆಲಸವೂ ಹೌದು: ಜರ್ಮನಿಯ ವೈಲ್ ಆಮ್ ರೈನ್‌ನ ವಿಟ್ರಾ ಆವರಣದಲ್ಲಿ, ನೆಲದೊಳಕ್ಕೆ ಬಳಸಿಕೊಂಡು ಇಳಿಯುವ ಉಕ್ಕಿನ ಗೋಡೆಗಳ ದಾರಿ ಮತ್ತು ಅದರ ತುದಿಗೆ ಧ್ಯಾನಕ್ಕೊಂದು ಕೋಣೆ. ಮೊಮ್ಮಗಳು ಖುಷ್ನು ಪಂಥಕಿ ಹೂಫ್ ಮತ್ತು ಆಕೆಯ ಪತಿ ಸೋಂಕೆ ಹೂಫ್ ಅವರೊಂದಿಗೆ ಅದನ್ನು ರೂಪಿಸಿದ್ದರು; ಅವರಿಲ್ಲದ ಮೇಲೆ ಆ ಇಬ್ಬರು ಕಟ್ಟಿ ಮುಗಿಸಿದರು.